ವಿಮೆ ಇಲ್ಲದ ನಲವತ್ತೊಂದು ದಿನ

ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು. ನರ್ಸಮ್ಮ ಊಟದ ಮೇಜಿನ ಮೇಲೆ ಕಾರಿನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ನರ್ಸಮ್ಮ. ಈಚೀಚೆಗೆ ಸಿಟ್ಟು ಬಂದಾಗ ಗಂಡನಿಗೂ ನರ್ಸಮ್ಮನೇ. ಅವಳನ್ನು ಮನೆಗಳಿಗೆ ಕಳಿಸುವ ಕಚೇರಿಯ ಮೇಡಂ ವರ್ಷಕ್ಕೊಮ್ಮೆ ಎಲ್ಲರ ಕಾರಿನ ಕಾಗದ ಕೇಳುತ್ತಾಳೆ. ನಾಳೆ ಕೊಡಬೇಕು.

"ಏನ್ರೀ, ಇದರ ತಾರೀಕು ಸ್ವಲ್ಪ ಓದಿ."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಊರಿಗೆಲ್ಲ ಕಣ್ಣು ಕಾಣಿಸುವವನಿಗೆ ಮನೆಗೆ ಬಂದ ಮೇಲೆ ಓದು ಅಂದರೆ ಆಗದು. ಕಾಗದವನ್ನು ದೀಪಕ್ಕೆ ಹಿಡಿದು ನೋಡಿದ.

"ಹದಿನಾಲ್ಕಕ್ಕೆ ಮುಗೀತು ಅಂತಿದೆ."

"ಹದಿನಾಲ್ಕು ಸರಿ, ಯಾವ ತಿಂಗಳದ್ದು?"

ಅವನು ಬೆರಳು ಮಡಚಿ ಎಣಿಸಿದ. ಒಂದು ಕೈ ಸಾಲಲಿಲ್ಲ, ಇನ್ನೊಂದೂ ಸಾಲಲಿಲ್ಲ. "ನಲವತ್ತೊಂದು ದಿನ ಆಯ್ತಲ್ಲೇ!"

ನಲವತ್ತೊಂದು ದಿನ ಅವಳು ವಿಮೆ ಇಲ್ಲದ ಕಾರನ್ನು ದಿನಕ್ಕೆ ಒಂಬತ್ತು ಮನೆಯಂತೆ ಓಡಿಸಿದ್ದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹನ್ನೆರಡು ದಿನದ ಹಿಂದೆ, ಒಂದು ಮಂಗಳವಾರ, ರೋಗಿಯ ಮನೆಯ ಓಣಿಯಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಒಬ್ಬ ಕಿಟಕಿ ಒರೆಸುವವನ ಸೈಕಲ್ಲಿಗೆ ತಾಗಿಸಿದ್ದಳು. ಏಣಿ ಒಂದು ಕಡೆ, ಬಕೆಟ್ಟು ಒಂದು ಕಡೆ, ಅವನು ಒಂದು ಕಡೆ. ಪಾಪದ ಮನುಷ್ಯ, ಎದ್ದು ನಕ್ಕಿದ್ದ. ಅವಳೇ ಅವನ ಮೊಣಕೈ ತೊಳೆದು ಪಟ್ಟಿ ಹಾಕಿ, ಒಂದು ಟೀ ಕೊಡಿಸಿ, ತನ್ನ ಫೋನ್ ನಂಬರ್ ಬರೆದುಕೊಟ್ಟು ಬಂದಿದ್ದಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದಳು.

"ಪ್ರತಿ ವರ್ಷ ಅಮ್ಮ ಕಟ್ಟುತ್ತಿದ್ದಳಲ್ಲ," ಅಂದ ಗಂಡ.

"ಅಮ್ಮ ಹೋಗಿ ಹನ್ನೊಂದು ತಿಂಗಳಾಯ್ತು."

"ಅದಕ್ಕೇ ಹೇಳಿದ್ದು."

ಕಾರು ಅತ್ತೆಯ ಹೆಸರಿನಲ್ಲಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಬಿಟ್ಟು ಬರುವಾಗ ಸಿಕ್ಕಿದ ಹಣದಲ್ಲಿ ಕೊಂಡದ್ದು. ಅತ್ತೆಗೆ ಓಡಿಸಲು ಬರುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಓಡಿಸುವವರಿಗೆ ಬುದ್ಧಿ ಹೇಳಲು ಚೆನ್ನಾಗಿ ಬರುತ್ತಿತ್ತು. ಪೆಟ್ರೋಲು ಸೊಸೆಯದು, ಕಾಗದ ಪತ್ರ ಅತ್ತೆಯದು, ಹೀಗೆ ನಡೆದುಕೊಂಡು ಬಂದಿತ್ತು.

"ಒಂದು ನೋಟೀಸಾದರೂ ಕಳಿಸಬಾರದಾ ಆ ವಿಮೆಯವರು?" ಅಂದಳು ನರ್ಸಮ್ಮ. "ನಲವತ್ತೊಂದು ದಿನ ಸುಮ್ಮನೆ ಕೂತಿದ್ದಾರೆ ಅಂದರೆ!"

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮಾವನ ಕೈ ನಿಂತಿತು. ಮಾವ ಮೂವತ್ತೆಂಟು ವರ್ಷ ಅಂಚೆ ಹಂಚಿದವರು. ಎದ್ದು ತಮ್ಮ ಕೋಣೆಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ಮೂರು ಲಕೋಟೆ, ರಬ್ಬರ್ ಬ್ಯಾಂಡ್ ಹಾಕಿ, ತಾರೀಕಿನ ಪ್ರಕಾರ ಒಂದರ ಮೇಲೊಂದು ಜೋಡಿಸಿದ್ದು. ಮೂರನ್ನೂ ಒಡೆದಿರಲಿಲ್ಲ.

"ಕಳಿಸಿದ್ದಾರೆ," ಅಂದರು.

ಯಾರಿಗೂ ಮಾತು ಹೊರಡಲಿಲ್ಲ. ಹದಿನೇಳರ ಮಗಳಿಗೆ ಮಾತ್ರ ಯಾವಾಗಲೂ ಹೊರಡುತ್ತದೆ. ಮನೆಯಲ್ಲಿ ಅವಳಿಗೆ ವಕೀಲಿ ಅಂತಲೇ ಹೆಸರು.

"ತಾತ, ಒಡೆದು ನೋಡಬಾರದಿತ್ತಾ?"

"ನಿನ್ನ ಅಜ್ಜಿ ಹೆಸರಿಗೆ ಬಂದದ್ದು. ಒಬ್ಬರ ಹೆಸರಿನ ಕಾಗದ ನಾನು ಇವತ್ತಿನವರೆಗೆ ಒಡೆದವನಲ್ಲ."

"ಮತ್ತೆ ಅಜ್ಜಿ ಬಂದು ಒಡೀತಾರೆ ಅಂತ ಕಾಯ್ತಿದ್ರಾ?"

"ಏಯ್!" ಅಂದಳು ನರ್ಸಮ್ಮ. "ನಾಲಿಗೆ ಬಿಗಿ ಹಿಡಿ."

"ಬೈಬೇಡಮ್ಮ, ಸರಿಯಾಗೇ ಕೇಳಿದಳು." ಮಾವ ಲಕೋಟೆಗಳನ್ನು ಮೇಜಿನ ಮೇಲೆ ಇಟ್ಟು, ಅಂಚು ಸರಿಮಾಡಿದರು. "ನಿಯಮ ಇದೆ. ವಿಳಾಸದಾರರು ಇಲ್ಲದಿದ್ದರೆ ಮೇಲೆ ಕೆಂಪು ಶಾಯಿಯಲ್ಲಿ 'ತೀರಿಕೊಂಡಿದ್ದಾರೆ' ಅಂತ ಬರೆದು ವಾಪಸ್ ಕಳಿಸಬೇಕು. ಊರವರದ್ದು ಎಷ್ಟೋ ಬರೆದಿದ್ದೀನಿ. ಇದಕ್ಕೂ ಪೆನ್ನು ತಗೊಂಡೆ. ಮುಚ್ಚಳ ತೆಗೆದೆ. ಮತ್ತೆ ಹಾಕಿಟ್ಟೆ."

"ಮೂರು ಸಲಾನೂ?" ಗಂಡನ ದನಿ ಏರಿತು.

"ಮೂರು ಸಲಾನೂ."

ಆಲೂಗಡ್ಡೆ ತಳ ಹಿಡಿದ ವಾಸನೆ ಬಂತು. ಆ ದಿನ ಎಲ್ಲರೂ ಬರೀ ಬ್ರೆಡ್ಡು ತಿಂದರು.

ಮಾರನೆಯ ದಿನ ಕಾರು ಮನೆ ಮುಂದೆಯೇ ನಿಂತಿತು. ನರ್ಸಮ್ಮ ಬಸ್ಸು ಹಿಡಿದು ಕಚೇರಿಗೆ ಹೋಗಿ ಇದ್ದದ್ದನ್ನು ಹೇಳಿದಳು. ಇದ್ದದ್ದರಲ್ಲಿ ಅರ್ಧ.

"ನೀವೇ ಹೀಗೆ ಮಾಡಿದರೆ ಹೇಗೆ?" ಅಂದಳು ಮೇಡಂ. "ಕಾರಿಲ್ಲದವರಿಗೆ ದೂರದ ಮನೆ ಕೊಡೋಕಾಗಲ್ಲ. ಹತ್ತಿರದ ನಾಲ್ಕು ಮನೆ ಮಾಡಿಕೊಳ್ಳಿ. ಅಂದ ಹಾಗೆ, ಈ ನಡುವೆ ಎಲ್ಲೂ ಏನೂ ಗುದ್ದಿಲ್ಲ ತಾನೆ?"

"ಇಲ್ಲ ಮೇಡಂ."

"ಹಾಗಾದರೆ ಬದುಕಿದಿರಿ. ಪೊಲೀಸು ದೂರು ಅಂತೇನಾದರೂ ಬಂದರೆ ನಾನು ಇಟ್ಟುಕೊಳ್ಳೋ ಹಾಗಿಲ್ಲ, ನೋಡಿ. ರೋಗಿಗಳ ಮನೆಯವರು ನನ್ನನ್ನ ಬಿಡಲ್ಲ."

ಆ 'ಇಲ್ಲ ಮೇಡಂ' ಇಡೀ ದಿನ ಅವಳನ್ನು ಬಿಡಲಿಲ್ಲ. ಫೋನು ಗುಣುಗುಟ್ಟಿದಾಗಲೆಲ್ಲ ಬೆಚ್ಚಿದಳು. ಒಂದು ಮನೆಯಲ್ಲಿ ಅಜ್ಜಿಯ ಕಾಲಿಗೆ ಪಟ್ಟಿ ಸುತ್ತುತ್ತ ಸುತ್ತುತ್ತ ಎರಡು ರೋಲು ಮುಗಿಸಿಬಿಟ್ಟಳು. "ಕಾಲು ಸಾಕು ತಾಯಿ, ನನ್ನನ್ನೇ ಕಟ್ಟಿ ಹಾಕ್ತೀಯಾ?" ಅಂದಳು ಅಜ್ಜಿ.

ವಿಮೆ ಕಚೇರಿಗೆ ಮಾವನನ್ನು ಕರೆದುಕೊಂಡು ಹೋದದ್ದು ಆ ವಾರದ ಕೊನೆಗೆ. ಮೊದಲು ವಿಮೆಯ ಕಾಗದದಲ್ಲಿ ಹೆಸರು ಮಾವನದಾಗಬೇಕು, ಆಮೇಲೆ ಹೊಸ ವಿಮೆ. ಹೆಸರು ಬದಲಾವಣೆಗೆ ಕಾರಣ ಏನು ಅಂತ ಒಂದು ಖಾನೆ ಇತ್ತು. ಮಾವ ಅದರ ಮುಂದೆ ಪೆನ್ನು ಹಿಡಿದು ಎಷ್ಟು ಹೊತ್ತು ಕೂತರೆಂದರೆ ಹಿಂದಿನ ಸಾಲಿನವನು ಎರಡು ಸಲ ಕೆಮ್ಮಿದ. ಸೊಸೆ ಅವರ ಮುಖ ನೋಡಲಿಲ್ಲ. ಕೊನೆಗೆ ಪೆನ್ನಿನ ಸದ್ದು ಕೇಳಿಸಿತು. ದುಂಡಗೆ, ಒಂದು ಅಕ್ಷರವೂ ಗೆರೆ ಬಿಡದಂತೆ ಬರೆದಿದ್ದರು.

ಗುಮಾಸ್ತ ಇನ್ನೊಂದು ಹಾಳೆ ತಳ್ಳಿದ. "ಕಾರು ಓಡಿಸುವವರು ಇದಕ್ಕೆ ಸಹಿ ಹಾಕಬೇಕು. ವಿಮೆ ಇಲ್ಲದ ದಿನಗಳಲ್ಲಿ ಅಪಘಾತ ಏನಾದರೂ ಆಗಿದೆಯೇ, ಹೌದು ಅಥವಾ ಇಲ್ಲ. ಇಲ್ಲ ಅಂದರೆ ಇವತ್ತೇ ಆಗುತ್ತೆ. ಹೌದು ಅಂದರೆ ಮೇಲಿನವರು ನೋಡಬೇಕು, ತಿಂಗಳು ಹಿಡಿಯುತ್ತೆ."

"ಮನೆಗೆ ಹೋಗಿ ತುಂಬಿಸಿ ತರ್ತೀನಿ," ಅಂದಳು ನರ್ಸಮ್ಮ.

ಮಾವ ಅವಳ ಕಡೆ ತಿರುಗಿ ನೋಡಿದರು. ಏನೂ ಕೇಳಲಿಲ್ಲ.

ಅದೇ ಸಂಜೆ ಫೋನು ಬಂತು.

"ನರ್ಸಮ್ಮನವರಾ? ನಾನು ಕಿಟಕಿ ಒರೆಸುವವನು. ಆವತ್ತು ಬಿದ್ದವನು."

"ಹೇಗಿದ್ದೀರಿ? ಮೊಣಕೈ ವಾಸಿಯಾಯ್ತಾ?"

"ಮೊಣಕೈ ಚೆನ್ನಾಗಿದೆ. ಮಣಿಕಟ್ಟೇ ಕೈಕೊಟ್ಟಿತು. ಹೆಬ್ಬೆರಳ ಬುಡದಲ್ಲಿ ಯಾವುದೋ ಸಣ್ಣ ಎಲುಬು ಸೀಳಿದೆಯಂತೆ. ಕಟ್ಟು ಹಾಕಿದ್ದಾರೆ, ಆರು ವಾರ ಏಣಿ ಹತ್ತೋ ಹಾಗಿಲ್ಲ. ನಿಮ್ಮ ಜೇಬಿಂದ ಬೇಡ ಅಮ್ಮ, ನೀವೂ ದುಡಿಯುವವರು. ನಿಮ್ಮ ವಿಮೆಯಿಂದ ಬರುತ್ತಲ್ಲ, ಅದರ ನಂಬರ್ ಕೊಟ್ಟರೆ ಸಾಕು."

ಆ ಎಲುಬಿನ ವಿಷಯ ಅವಳಿಗೆ ಗೊತ್ತಿತ್ತು. ಅಂಗೈ ಊರಿ ಬಿದ್ದವರ ಹೆಬ್ಬೆರಳ ಬುಡ ಒತ್ತಿ ನೋಡಬೇಕು ಅನ್ನುವುದು ನರ್ಸಿಂಗಿನಲ್ಲಿ ಮೊದಲ ವರ್ಷದ ಪಾಠ. ಮುಂದಿನ ಮನೆಗೆ ತಡವಾಗುತ್ತದೆ ಅಂತ ರಕ್ತ ಕಂಡ ಕಡೆ ಪಟ್ಟಿ ಹಾಕಿ ಓಡಿದ್ದಳು.

"ನಾನೇ ಬಂದು ಮಾತಾಡ್ತೀನಿ," ಅಂದಳು, ಹೇಗೋ.

ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟಳು. ಗಂಡ ಚಮಚ ಕೆಳಗಿಟ್ಟ.

"ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ?"

"ಹಾಕಿಕೊಂಡಿದ್ದೆ."

"ಅಪ್ಪ ಕಾಗದ ಬಚ್ಚಿಡ್ತಾರೆ, ನೀನು ಆಕ್ಸಿಡೆಂಟ್ ಬಚ್ಚಿಡ್ತೀಯ. ಈ ಮನೆಯಲ್ಲಿ ನಾನೊಬ್ಬ ಏನನ್ನೂ ಬಚ್ಚಿಡದ ದಡ್ಡ!"

"ನಿಮ್ಮ ಸಿಗರೇಟು ಎಲ್ಲಿದೆ ಅಂತ ನನಗೆ ಗೊತ್ತಪ್ಪ," ಅಂದಳು ವಕೀಲಿ.

"ನೀನು ಸುಮ್ಮನಿರು." ಗಂಡ ಬೀನ್ಸನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ದಬ್ಬಿದ. "ನೋಡು, ದಾರಿ ಇದೆ. ಫಾರಂನಲ್ಲಿ 'ಇಲ್ಲ' ಅಂತ ಬರಿ. ನಾಳೆ ವಿಮೆ ಆಗುತ್ತೆ. ಆ ಮನುಷ್ಯನಿಗೆ ಮಂಗಳವಾರ ಅಲ್ಲ, ಬರೋ ಸೋಮವಾರ ಬಿದ್ದೆ ಅಂತ ಹೇಳೋಕೆ ಹೇಳು. ಅವನಿಗೆ ಹಣ, ನಿನಗೆ ಕೆಲಸ. ಯಾರ ಗಂಟು ಹೋಗುತ್ತೆ?"

"ಕಟ್ಟು ಹಾಕಿದ ಆಸ್ಪತ್ರೆ ಚೀಟಿಯಲ್ಲಿ ತಾರೀಕು ಇರಲ್ವಾ?" ಅಂದಳು ವಕೀಲಿ. "ಮೊದಲು ಕಟ್ಟು, ಆಮೇಲೆ ಬೀಳೋದಾ?"

"ಇವಳನ್ನ ಯಾರು ಹಡೆದರೋ!"

"ತಾರೀಕು ಮುಟ್ಟಬೇಡಿ," ಅಂದರು ಮಾವ.

"ನೀವು ಮಾತಾಡಲೇಬೇಡಿ ಅಪ್ಪ. ನಿಮ್ಮ ಆ ಒಂದು ನಿಯಮದಿಂದಲೇ ಈ ಮನೆ ಇಲ್ಲಿಗೆ ಬಂದು ನಿಂತದ್ದು."

"ನಿಯಮದಿಂದಲ್ಲ. ನಿಯಮ ಮುರಿದದ್ದರಿಂದ. ವಾಪಸ್ ಕಳಿಸಿದ್ದರೆ ಅವರೇ ಫೋನ್ ಮಾಡಿ ಕೇಳುತ್ತಿದ್ದರು." ಮಾವ ನೀರು ಕುಡಿದರು. "ನನ್ನ ತಪ್ಪಿಗೆ ನನ್ನ ಸೊಸೆ ಸುಳ್ಳು ಹೇಳೋದು ಬೇಡ."

"ಸುಳ್ಳು ಹೇಳದಿದ್ದರೆ ಕೆಲಸ ಹೋಗುತ್ತೆ. ಆಗ ನಿಮ್ಮ ಪಿಂಚಣಿಯಲ್ಲಿ ಇವಳ ಕಾಲೇಜು ನಡೆಸ್ತೀರಾ?"

ನರ್ಸಮ್ಮ ತಟ್ಟೆಗಳನ್ನು ಎತ್ತಿದಳು. ಯಾರ ತಟ್ಟೆಯೂ ಖಾಲಿಯಾಗಿರಲಿಲ್ಲ.

ಕಿಟಕಿ ಒರೆಸುವವನ ಮನೆ ಲಾಂಡ್ರಿಯೊಂದರ ಮೇಲಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವನ ಅಕ್ಕನೂ ಜೊತೆಯಲ್ಲೇ ಇದ್ದಳು. ಏಣಿ ಮೆಟ್ಟಿಲ ಪಕ್ಕ ಸರಪಳಿ ಹಾಕಿ ನಿಂತಿತ್ತು. ಅವನು ಬಲಗೈಯ ಕಟ್ಟನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಬರುವ ದಾರಿಯಲ್ಲೆಲ್ಲ ನರ್ಸಮ್ಮ ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಕೈ ನೋಡಿದ ಮೇಲೆ ಜೋಡಿಸಿದ್ದೆಲ್ಲ ಚೆದುರಿತು.

"ವಿಮೆ ಇಲ್ಲ," ಅಂದಳು. "ಆವತ್ತು ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಇರಲಿಲ್ಲ. ಆಸ್ಪತ್ರೆ ಖರ್ಚು ನಾನೇ ಕೊಡ್ತೀನಿ, ತಿಂಗಳಿಗೆ ಇಷ್ಟಿಷ್ಟು ಅಂತ."

"ದೂರು ಕೊಡೋ," ಅಂದಳು ಅಕ್ಕ, ಅಲ್ಲೇ, ಅವಳ ಮುಖದ ಮುಂದೆಯೇ. "ನರ್ಸಂತೆ! ಕೈ ಮುರಿದಿದೆಯೋ ಇಲ್ಲವೋ ನೋಡೋಕೆ ಬರಲಿಲ್ಲವಂತೆ!"

ನರ್ಸಮ್ಮ ತಲೆ ತಗ್ಗಿಸಿದಳು.

ಅವನು ಬಾಗಿಲಾಚೆ ಏಣಿಯ ಕಡೆ ಕೈ ತೋರಿಸಿದ. "ಆಸ್ಪತ್ರೆ ಖರ್ಚು ಬಿಡಿ, ಅದು ಆಮೇಲಿನ ಮಾತು. ನನ್ನ ಭಯ ಬೇರೆ. ಐವತ್ತಮೂರು ಗಿರಾಕಿ ಇದ್ದಾರೆ. ಹದಿನೈದು ವರ್ಷ ಒಂದೊಂದೇ ಬಾಗಿಲು ತಟ್ಟಿ ಮಾಡಿಕೊಂಡದ್ದು. ಎರಡು ಸಲ ತಪ್ಪಿದರೆ ಸಾಕು, ಇನ್ನೊಬ್ಬ ಬಕೆಟ್ಟು ಹಿಡಿದು ನಿಂತಿರ್ತಾನೆ. ಕೈ ವಾಸಿಯಾಗೋ ಹೊತ್ತಿಗೆ ನನಗೆ ಒರೆಸೋಕೆ ಕಿಟಕಿನೇ ಇರಲ್ಲ."

"ನಾವು ಒರೆಸ್ತೀವಿ." ಮಾತು ಬಾಯಿಂದ ಜಾರಿದ ಮೇಲೆಯೇ ಅವಳಿಗೂ ಗೊತ್ತಾದದ್ದು.

"ನೀವು?"

"ನಾವು ನಾಲ್ಕು ಜನ ಇದ್ದೀವಿ."

ಅಕ್ಕ ಮೂಗು ಮುರಿದಳು. ಅವನು ನಗಲಿಲ್ಲ. "ಆರು ವಾರ," ಅಂದ. "ಒಬ್ಬ ಗಿರಾಕಿ ಹೋದರೂ ನಾನು ಸ್ಟೇಷನ್ನಿಗೆ ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಫಾರಂನಲ್ಲಿ ಅವಳು 'ಹೌದು' ಅಂತ ಬರೆದಳು, ಮಂಗಳವಾರದ ತಾರೀಕೂ ಹಾಕಿದಳು. ಕಚೇರಿಗೂ ಹೋಗಿ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಮುಖ ನೋಡಿ ಸುಳ್ಳು ಹೇಳಿದಿರಿ. ಒಳ್ಳೆ ಕೈ ನಿಮ್ಮದು, ಅದಕ್ಕೆ ಸುಮ್ಮನಿದ್ದೀನಿ. ದೂರು ಬಂದ ದಿನ ನೀವು ಮನೆಗೆ."

ಹೀಗೆ ಆ ಮನೆಯ ನಾಲ್ಕು ಜನ ಬಕೆಟ್ಟು ಹಿಡಿದರು. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ, ಭಾನುವಾರ ಇಡೀ ದಿನ. ಗಂಡನಿಗೆ ಎರಡನೇ ಮೆಟ್ಟಿಲಲ್ಲೇ ತಲೆ ತಿರುಗುತ್ತಿತ್ತು, ಅವನಿಗೆ ನೆಲದ ಮೇಲಿನ ಕಿಟಕಿಗಳು. ಆದರೆ ಗಾಜು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಕಿಗೆ ತಲೆ ಓರೆ ಮಾಡಿ ನೋಡಿದರೆ ಕೂದಲಿನಷ್ಟು ಗೆರೆಯೂ ಅವನಿಗೆ ಕಾಣುತ್ತಿತ್ತು. ಏಣಿ, ಗಾಜಿನ ನೀರೆಳೆಯುವ ರಬ್ಬರು ನರ್ಸಮ್ಮನದು. ನೀರು ತುಂಬಿಸಿ ಕೊಡುವುದು, ಲೆಕ್ಕದ ಪಟ್ಟಿ ಇಟ್ಟು ಅಪ್ಪನಿಗೆ ಬೈಯುವುದು ವಕೀಲಿಯದು. ಮಾವ ಬಾಗಿಲು ತಟ್ಟುವವರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾರು ಎಂಟರ ಮುಂಚೆ ಏಳುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ.

ಕಿಟಕಿ ಒರೆಸುವವನು ಕಟ್ಟಿದ ಕೈ ಎದೆಗೆ ಹಚ್ಚಿಕೊಂಡು ಕೆಳಗೆ ನಿಂತು ಕೂಗುತ್ತಿದ್ದ. "ರಬ್ಬರು ಎತ್ತಬೇಡಿ! ಒಂದೇ ಎಳೆತ! ಅಯ್ಯೋ, ಅದು ಕಿಟಕಿ ಅಮ್ಮ, ರೋಗಿಯ ಬೆನ್ನಲ್ಲ, ಅಷ್ಟು ಮೆತ್ತಗೆ ಯಾಕೆ?"

"ಇವನ ಬಾಯಿಗೂ ಒಂದು ಕಟ್ಟು ಹಾಕಬಾರದಿತ್ತಾ ಆಸ್ಪತ್ರೆಯವರು," ಅಂತ ಗಂಡ ಗೊಣಗಿದ.

ನಾಲ್ಕನೇ ವಾರ ವಿಮೆ ಮಂಜೂರಾಯಿತು, ಹೋದ ವರ್ಷದ ಎರಡರಷ್ಟಕ್ಕೆ. ವಕೀಲಿಯ ಹೊಸ ಬೂಟು ಮುಂದಕ್ಕೆ ಹೋಯಿತು, ಗಂಡನ ಸಿಗರೇಟು ನಿಂತಿತು. ಕಾರು ಹೊರಟಿತು. ನರ್ಸಮ್ಮ ಮಾತ್ರ ಪ್ರತಿ ಸಂಜೆ ಮಗಳ ಪಟ್ಟಿ ನೋಡುತ್ತಿದ್ದಳು: ಐವತ್ತಮೂರು, ಐವತ್ತಮೂರು, ಐವತ್ತಮೂರು.

ಐದನೇ ವಾರದ ಗುರುವಾರ ಮಾವ ಬೆಳಗ್ಗೆ ಹಲ್ಲಿನ ಡಾಕ್ಟರ ಬಾಗಿಲು ತಟ್ಟಿ ವಾಪಸು ಬಂದರು.

"ಇನ್ನು ಬರಬೇಡಿ ಅಂದರು. ಗಾಜಿನ ತುಂಬ ಗೆರೆಯಂತೆ. ಬೇರೆಯವರಿಗೆ ಹೇಳಿದ್ದಾರಂತೆ."

ಐವತ್ತೆರಡು.

"ನಾನೇ ಒರೆಸಿದ್ದು," ಅಂದ ಗಂಡ. "ಗೆರೆ ಇರಲಿಲ್ಲ! ನನ್ನ ಕಣ್ಣಾಣೆ ಇರಲಿಲ್ಲ."

"ಇತ್ತೋ ಇಲ್ಲವೋ, ಗಿರಾಕಿ ಹೋಯ್ತು," ಅಂದಳು ನರ್ಸಮ್ಮ. ಬಕೆಟ್ಟನ್ನು ನೆಲಕ್ಕಿಟ್ಟಳು. ಪುಣ್ಯಕ್ಕೆ ಕಿಟಕಿ ಒರೆಸುವವನು ಆ ದಿನ ಬಂದಿರಲಿಲ್ಲ.

"ಹೇಳಬೇಡ," ಅಂದ ಗಂಡ, ದನಿ ತಗ್ಗಿಸಿ. "ಇನ್ನು ಒಂದು ವಾರ. ಕಟ್ಟು ಬಿಚ್ಚಿದ ಮೇಲೆ ಅವನಿಗೇ ಗೊತ್ತಾಗುತ್ತೆ. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತೆ."

ವಕೀಲಿ ಪಟ್ಟಿ ಮಡಚಿ ಜೇಬಿಗಿಟ್ಟಳು. ಮಾವ ಸೊಸೆಯ ಕಡೆ ನೋಡಿ, "ನಾನು ಹೋಗಿ ಹೇಳಲಾ?" ಅಂದರು.

"ಬೇಡ ಮಾವ. ಬೀಳಿಸಿದವಳು ನಾನು."

ಲಾಂಡ್ರಿಯ ಮೆಟ್ಟಿಲು ಹತ್ತುವಾಗ ಮನಸ್ಸಿನಲ್ಲೇ ಮೇಡಂ ಮುಂದೆ ಹೋಗಿ ನಿಂತಾಗಿತ್ತು, ಮಗಳ ಕಾಲೇಜಿನ ಬಾಗಿಲಿಗೂ ಹೋಗಿ ಬಂದಾಗಿತ್ತು. ನಿಂತುಕೊಂಡೇ ಹೇಳಿದಳು.

"ನಾನು ಹೇಳಲಿಲ್ವಾ!" ಅಂದಳು ಅಕ್ಕ, ಇಸ್ತ್ರಿಗೆಂದು ಹಿಡಿದಿದ್ದ ಶರಟನ್ನು ಒದರಿ. "ಏಳು, ಸ್ಟೇಷನ್ನಿಗೆ ನಡಿ."

ಅವನು ಎದ್ದ. ಎಡಗೈಯಲ್ಲೇ ಬೂಟು ಹಾಕಿಕೊಂಡ. ನರ್ಸಮ್ಮ ಬಗ್ಗಿ ಲೇಸು ಕಟ್ಟಲು ಹೋದಳು. "ಬಿಡಿ," ಅಂದ ಒರಟಾಗಿ.

ಬೀದಿಗಿಳಿದು ಅವನು ಸ್ಟೇಷನ್ನಿನ ಕಡೆ ತಿರುಗಲಿಲ್ಲ. ಹಲ್ಲಿನ ಡಾಕ್ಟರ ಕಡೆ ತಿರುಗಿದ. ನರ್ಸಮ್ಮ ಎರಡು ಹೆಜ್ಜೆ ಹಿಂದೆ ಹಿಂದೆ ಹೋದಳು.

ಗೆರೆ ಇತ್ತು. ದೊಡ್ಡ ಗಾಜಿನ ನಡುವೆ, ಅರ್ಧಚಂದ್ರದ ಹಾಗೆ, ಒಂದಲ್ಲ, ನಾಲ್ಕು. ಅವನು ಹತ್ತಿರ ಹೋಗಿ ಗಾಜಿನ ಮೇಲೆ ಉಸಿರು ಬಿಟ್ಟ. ತೋಳಿನಿಂದ ಒರೆಸಿದ. ಗೆರೆ ಹಾಗೇ ಇತ್ತು. ಇನ್ನೊಂದು ಸಲ ಉಸಿರು ಬಿಟ್ಟು ಒರೆಸಿದ. ಆಮೇಲೆ ನೇರ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಕಾಯುತ್ತ ಕೂತ ರೋಗಿಗಳು ಕೆನ್ನೆ ಹಿಡಿದುಕೊಂಡೇ ತಿರುಗಿ ನೋಡಿದರು.

ಡಾಕ್ಟರು ಮುಖವಾಡ ಕೆಳಗೆಳೆದು ಹೊರಬಂದರು. "ಏನಪ್ಪ, ಹೇಳಿ ಕಳಿಸಿದ್ದೆನಲ್ಲ."

"ಒಂದು ಬಟ್ಟೆ ಕೊಡಿ ಡಾಕ್ಟ್ರೇ."

ಬಾಗಿಲ ಬಳಿಯ ಹುಡುಗಿ ಕೊಟ್ಟ ಬಟ್ಟೆಯನ್ನು ಎಡಗೈಯಲ್ಲಿ ಹಿಡಿದು ಒಳಗಡೆಯಿಂದ ಒಂದು ಸಲ ಎಳೆದ. ನಾಲ್ಕರಲ್ಲಿ ಒಂದು ಗೆರೆ ಹೋಯಿತು. ಇನ್ನೊಂದು ಸಲ ಎಳೆದ.

"ಒಳಗಡೆ ನೀವು ಒರೆಸಿಸೋದು, ಅಲ್ವಾ?" ಅಂದ. "ಸೋಪು ಜಾಸ್ತಿ ಹಾಕ್ತಾರೆ. ಹೊರಗಡೆದು ನಮ್ಮವರ ಕೆಲಸ. ನಮ್ಮವರ ಕೆಲಸದಲ್ಲಿ ಗೆರೆ ಎಲ್ಲಿದೆ, ತೋರಿಸಿ ನೋಡೋಣ."

ಡಾಕ್ಟರು ಗಾಜು ನೋಡಿದರು, ಹುಡುಗಿಯನ್ನು ನೋಡಿದರು. ಹುಡುಗಿ ಫೋನು ಬಾರದಿದ್ದರೂ ಫೋನೆತ್ತಿದಳು.

"ಸರಿ ಸರಿ. ಮುಂದಿನ ಗುರುವಾರದಿಂದ ಯಾವಾಗಿನ ಹಾಗೆ ಬನ್ನಿ," ಅಂದರು ಡಾಕ್ಟರು.

ಹೊರಗೆ ಬಂದ ಮೇಲೆ ನರ್ಸಮ್ಮ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು.

"ಮತ್ತೆ ದೂರು?" ಅಂದಳು.

"ಗಿರಾಕಿ ಎಲ್ಲಿ ಹೋದ? ಇಲ್ಲೇ ಇದ್ದಾನಲ್ಲ." ಅವನು ಹಿಂದೆ ಸರಿದು, ಹಣೆಗೆ ಕೈ ಮರೆ ಮಾಡಿ ಮೇಲಿನ ಗಾಜು ನೋಡಿದ. "ಆದರೆ ಎಡಗಡೆ ಮೂಲೆ ಬಿಟ್ಟಿದ್ದೀರಿ. ಅವರಿಗೆ ಕಾಣಲಿಲ್ಲ, ನನಗೆ ಕಾಣ್ತಿದೆ. ನಿಮ್ಮ ಮಾವನಿಗೆ ಏಣಿ ತರೋಕೆ ಹೇಳಿ."

ಏಣಿ ಬಂತು, ಜೊತೆಗೆ ಮೂವರೂ ಬಂದರು. ಅವಳ ಮುಖ ನೋಡಿದ್ದೇ ವಕೀಲಿ ಪಟ್ಟಿಯಲ್ಲಿ ಐವತ್ತೆರಡು ಹೊಡೆದು ಐವತ್ತಮೂರು ಬರೆದಳು. ನರ್ಸಮ್ಮ ರಬ್ಬರು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಗಂಡ ಏಣಿ ಹಿಡಿಯಲು ಮುಂದೆ ಬಂದ.

"ನೀವು ಬಿಡಿ, ನಿಮಗೆ ತಲೆ ತಿರುಗುತ್ತೆ," ಅಂದ ಕಿಟಕಿ ಒರೆಸುವವನು. ಏಣಿಯ ಬುಡಕ್ಕೆ ಪಾದ ಒತ್ತಿ, ಇದ್ದ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದ. "ಹತ್ತಿ ಅಮ್ಮ. ನಾನಿದ್ದೀನಿ."